ಕರಿ ಮೋಟಾರಿನ ಮೇಲ್ಕಟ್ಟು

ಆಗಿನ ಕಾಲದಲ್ಲಿ ನಮ್ಮ ಕಡೆ ಅಕ್ಕಸಾಲಿಗನನ್ನಾಗಲಿ ಶಿಂಪಿಯನ್ನಾಗಲಿ ಮನೆಗೇ ಕರೆಸಿ ಕೆಲಸ ಮಾಡಿಸುತ್ತಿದ್ದರು. ಗೌರವಕ್ಕಲ್ಲ, ಕಣ್ಣಿಡುವುದಕ್ಕೆ. ‘ಅಕ್ಕಸಾಲಿ ಅಕ್ಕನ ಬಂಗಾರಾನೂ ಬಿಡೂದಿಲ್ಲ’ ಎನ್ನುವ ಮಾತು ನಮ್ಮ ಆಯಿಯ ಬಾಯಲ್ಲಿ ಮಂತ್ರದಂತೆ ಇರುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಹಾಲಿಗೆ ಬೆರಳದ್ದಿ ನೋಡದೆ, ಬೆಲ್ಲವನ್ನು ಮೂಸದೆ ಯಾವುದನ್ನೂ ಒಳಗೆ ತೆಗೆದುಕೊಂಡವಳಲ್ಲ. ಸಿಂದಗಿಯ ನಮ್ಮ ಮನೆಗೆ ಕೆಲಸದವರು ಬಂದರೆ ಎದುರಿಗೆ ಒಬ್ಬರು ಕಾವಲು ಕೂಡಲೇಬೇಕು. ಬೇಸಿಗೆ ಸೂಟಿಯಲ್ಲಿ ಆ ಕಾವಲು ನನ್ನ ಪಾಲಿಗೆ ಬರುತ್ತಿತ್ತು. ಅನುಮಾನ ಪಡುವ ವಿದ್ಯೆಯನ್ನು ನಾನು ಕಲಿತದ್ದು ಆಯಿಯಿಂದಲೇ, ಮಗ್ಗಿಗಿಂತ ಚೆನ್ನಾಗಿ ಕಲಿತೆ.

ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ನಾನು ಐದನೆಯ ಇಯತ್ತೆ ಮುಗಿಸಿದ್ದೆ. ನಮ್ಮಲ್ಲಿ ಒಂದು ಹಳೆಯ ವಿಲಾಯತಿ ಮೋಟಾರಿತ್ತು, ಕಪ್ಪು ಬಣ್ಣದ್ದು. ಮುತ್ಯಾ, ಅಂದರೆ ನಮ್ಮ ಅಜ್ಜ, ಅದನ್ನು ಯಾವ ಕಾಲದಲ್ಲೋ ಕೊಂಡು ತಂದಿದ್ದ. ಅವನು ತೀರಿಕೊಂಡ ಮೇಲೆ ಅದು ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲೇ ಹೆಚ್ಚಾಗಿ ನಿಂತಿರುತ್ತಿತ್ತು. ದಿನಾ ಸಂಜೆ ಆಯಿ ಎಲೆಯಡಿಕೆ ಚೀಲ ಹಿಡಿದು ಹೋಗಿ, ಮುತ್ಯಾ ಓಡಿಸುವಾಗ ತಾನು ಕೂಡುತ್ತಿದ್ದ ಎಡಗಡೆಯ ಸೀಟಿನಲ್ಲಿ ಕೂತು ಬರುತ್ತಿದ್ದಳು. ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಕೂಡುವುದು. ಗಂಡನ ಪಕ್ಕದಲ್ಲಿ ಅವಳಿಗೆ ಉಳಿದಿದ್ದ ಜಾಗ ಅದೊಂದೇ.

ಮೋಟಾರಿನೊಳಗೆ ತಗಡು ಕಾಣದಂತೆ ತಲೆಯ ಮೇಲೆ ಕಟ್ಟಿದ್ದ ಬೂದು ಅರಿವೆಗೆ ನಾವು ಮೇಲ್ಕಟ್ಟು ಎನ್ನುತ್ತಿದ್ದೆವು. ಅದು ಹಳತಾಗಿ ಜೋತು ಬಿದ್ದಿತ್ತು. ನಾವು ಹುಡುಗಿಯರು ಒಳಗೆ ಹತ್ತಿ “ಇಂಡಿ, ಇಂಡಿ, ಇಂಡಿ!” ಎಂದು ಕಂಡಕ್ಟರರ ಹಾಗೆ ಕೂಗುತ್ತ ಬಸ್ಸಿನಾಟ ಆಡುವಾಗ ಅದು ತಲೆಗೆ ತಾಗಿ ಕೂದಲ ತುಂಬ ಧೂಳು ಸುರಿಯುತ್ತಿತ್ತು. ಪೆಟ್ರೋಲು, ತಂಬಾಕು, ವಿಭೂತಿ ಮೂರೂ ಕೂಡಿದ ವಾಸನೆ ಅದಕ್ಕೆ. ಡ್ರೈವರ್ ಸೀಟಿನ ನೆತ್ತಿಗೆ, ಮುತ್ಯಾನ ತಲೆಯ ರುಮಾಲು ಉಜ್ಜಿ ಉಜ್ಜಿ, ಅದರಲ್ಲಿ ಒಂದು ದುಂಡನೆಯ ಕರಿ ಕಲೆಯಾಗಿತ್ತು.

ವರ್ಷಗಟ್ಟಲೆ ಆ ಮೇಲ್ಕಟ್ಟಿನ ಕಡೆ ತಲೆಯೆತ್ತಿ ನೋಡದ ಅಪ್ಪ ಒಂದು ದಿನ ಊಟಕ್ಕೆ ಕೂತಾಗ, “ಅದನ್ನ ತಗಸಿ ಹೊಸಾದು ಹಾಕಸ್ತೇನಿ” ಅಂದ.

ಆಯಿಯ ಕೈ ರೊಟ್ಟಿಯ ಮೇಲೆ ನಿಂತಿತು. “ಯಾಕ?”

“ಲಗ್ನದ ಸೀಜನ್ ಐತಿ. ಅದನ್ನ ನೋಡಿ ಮಂದಿ ನಗ್ತಾರ.”

“ಇಷ್ಟ ದಿನ ನಗಲಿಲ್ಲೇನು ಮಂದಿ?”

ಅಪ್ಪ ಶೇಂಗಾ ಹಿಂಡಿಗೆ ಮೊಸರು ಕಲಸಿಕೊಳ್ಳುವುದರಲ್ಲಿ ಮುಳುಗಿಬಿಟ್ಟ. ಅವನು ಎದ್ದು ಹೋದ ಮೇಲೆ ಆಯಿ ನನ್ನ ಕಡೆ ತಿರುಗಿದಳು. “ಸಂತಿಗೆ ಒಯ್ಯೋ ಎತ್ತಿಗೆ ಕೋಡು ಹೆರದು ಎಣ್ಣಿ ಹಚ್ತಾರ. ಇವಂದೂ ಹಂಗ ಕಾಣತೈತಿ. ನೀ ಅಲ್ಲೇ ಕುಂದರು. ಯಾರು ಬಂದ್ರು, ಏನಂದ್ರು, ಎಲ್ಲಾ ನನಗ ಹೇಳು.”

ಕೆಲಸಕ್ಕೆ ಬಂದವನು ಬಸವನ ಬಾಗೇವಾಡಿಯ ಶಿಂಪಿ ಗಂಗಪ್ಪ, ಜೀಪುಗಳ ಸೀಟು, ಮೇಲೆ ಹೊದಿಸುವ ಟಪ್ಪು ಹೊಲಿಯುವವನು. ಹೊಲಿಗೆ ಮಷಿನ್ನನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದಿದ್ದ. ಮೊದಲಿಗೆ ಸೀಟುಗಳನ್ನು ಹೊರಗಿಟ್ಟ. ಆಮೇಲೆ ಒಳಗೆ ಅಂಗಾತ ಮಲಗಿ ಹಳೆಯ ಅರಿವೆಯನ್ನು ಅಂಚಿನಿಂದ ಬಿಡಿಸುತ್ತ ಬಂದ. ಪರಕಾರಕ್ಕೆ ಲಾಡಿ ತೂರಿಸಿದ ಹಾಗೆ ಆ ಅರಿವೆಯಲ್ಲಿ ಅಡ್ಡಡ್ಡ ಪಟ್ಟಿ ಹೊಲಿದು ಕಬ್ಬಿಣದ ಸಳಿ ತೂರಿಸಿದ್ದರು. ಆ ಸಳಿಗಳ ಮೇಲೇ ಅದು ನಿಂತಿತ್ತು. ಒಂದು ಪಟ್ಟಿಯ ಸಳಿ ಇನ್ನೊಂದಕ್ಕೆ ಕೂಡುವುದಿಲ್ಲವೆಂದು ಗಂಗಪ್ಪ ಪ್ರತಿಯೊಂದಕ್ಕೂ ಸುಣ್ಣದ ಗುರುತು ಹಾಕಿದ. ಆಮೇಲೆ ಹಳೆಯ ಅರಿವೆಯ ಹೊಲಿಗೆ ಬಿಚ್ಚಿ, ಹೊಸದರ ಮೇಲೆ ಹಾಸಿ, ಅದರ ಅಳತೆಗೇ ಕತ್ತರಿಸಿದ. ಚೂರುಗಳನ್ನೆಲ್ಲ ಆಯಿ ಆಯ್ದು ಸೆರಗಿಗೆ ಕಟ್ಟಿಕೊಂಡಳು.

“ಕೌದಿಗೆ ಆಗ್ತಾವ” ಅಂದಳು.

“ನಾ ಏನ್ ಒಯ್ಯಂಗಿಲ್ರಿ ಯವ್ವಾರ” ಎಂದು ಗಂಗಪ್ಪ ನಕ್ಕ.

“ಒಯ್ಯೋರು ಹೇಳಿ ಒಯ್ತಾರೇನು?”

ನಾನು ಬೇವಿನ ನೆರಳಲ್ಲಿ ಕೂತು ಗಜಗ ಆಡುವ ನೆಪದಲ್ಲಿ ಅವನ ಕೈಯನ್ನೇ ನೋಡುತ್ತಿದ್ದೆ. ಅಂಚು ಅಂಟಿಸುವ ಸಲ್ಯೂಷನ್ನಿನ ವಾಸನೆಗೆ ತಲೆ ತಿರುಗುತ್ತಿತ್ತು, ಆದರೂ ಜಾಗ ಬಿಡಲಿಲ್ಲ. ಮಧ್ಯಾಹ್ನ ನನ್ನ ಪಾಲಿನ ಚುರುಮರಿಯಲ್ಲಿ ಒಂದು ಹಿಡಿ ಕೇಳಿದ. ಕಳ್ಳರು ಕಾವಲಿನವರಿಗೆ ಲಂಚ ಕೊಡುವುದು ಕೇಳಿದ್ದೆ, ಕೇಳಿ ಇಸಿದುಕೊಳ್ಳುವ ಕಳ್ಳನನ್ನು ಆಗಲೇ ಕಂಡದ್ದು. ಅನುಮಾನ ಇನ್ನೂ ಹೆಚ್ಚಾಯಿತು.

ಮರುದಿನ ಬಿಳಿ ನೆಹರು ಶರ್ಟಿನ ಒಬ್ಬ ದಪ್ಪ ಮನುಷ್ಯ ಬಂದ. “ಮುದ್ದೇಬಿಹಾಳದವ್ರು. ಕಬ್ಬಿನ ಬೀಜ ಕೇಳಾಕ ಬಂದಾರ” ಎಂದು ಅಪ್ಪ ಅವ್ವನಿಗೆ ಹೇಳಿ ಚಹಾ ಮಾಡಿಸಿದ. ಕಬ್ಬು ಕೇಳಲು ಬಂದವನು ಹೊಲದ ಕಡೆ ಹೋಗದೆ ಶೆಡ್ಡಿಗೆ ಬಂದು ಮೋಟಾರಿನ ಗಾಲಿಗೆ ಕಾಲಿನಿಂದ ಒದ್ದು ನೋಡಿದ. ಬಗ್ಗಿ ಅರ್ಧ ಕಟ್ಟಿದ್ದ ಹೊಸ ಮೇಲ್ಕಟ್ಟನ್ನು ನೋಡಿದ. ಆಮೇಲೆ ಇಬ್ಬರೂ ಕೊಟ್ಟಿಗೆಯ ಮೂಲೆಗೆ ಸರಿದರು. ಅಪ್ಪನ ಹೆಗಲ ಮೇಲಿನ ಟವೆಲ್ಲು ಇಳಿಯಿತು. ಅದರ ಕೆಳಗೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದುಕೊಂಡರು. ಬಾಯಿಗಳು ಮುಚ್ಚಿದ್ದವು, ಟವೆಲ್ಲಿನೊಳಗೆ ಬೆರಳುಗಳು ಮಾತಾಡುತ್ತಿದ್ದವು. ದನದ ಸಂತೆಯಲ್ಲಿ ಯಾರಿಗೂ ಕೇಳದಂತೆ ರೇಟು ಮುರಿಯುವ ಪದ್ಧತಿ ಅದು, ನಮ್ಮ ಕಡೆಯ ಕೂಸಿಗೂ ಗೊತ್ತು.

ಒಂದೇ ಓಟಕ್ಕೆ ಅಡುಗೆಮನೆಗೆ ಹೋಗಿ ಆಯಿಗೆ ಹೇಳಿದೆ. ಅವಳು ಹುಯ್ಯಲಿಡುತ್ತಾಳೆ, ಅಪ್ಪನನ್ನು ಎಳೆದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಮೊರದಲ್ಲಿನ ಜೋಳವನ್ನು ಹಸನು ಮಾಡುತ್ತಲೇ ಇದ್ದಳು. ಒಂದು ಹರಳು ಆಯ್ದು ಎಸೆದು, “ಅವಂಗ ಟ್ರ್ಯಾಕ್ಟರ್ ಬೇಕಾಗೇತಿ. ಹೊಲಾ ಮಾಡೋನು ಅವನ, ನಾ ಅಲ್ಲ” ಅಂದಳು. ನನಗೆ ಸಿಟ್ಟು ಬಂತು. ಊರೆಲ್ಲರ ಮೇಲೆ ಅನುಮಾನ ಪಡುವವಳು, ಅನುಮಾನ ನಿಜವಾದ ದಿನ ಹೀಗೆ ಸುಮ್ಮನಾದರೆ ಹೇಗೆ?

ಅಂದು ಸಂಜೆಯಿಂದ ಆಯಿಯ ನಡತೆಯೇ ಬದಲಾಯಿತು. ಗಂಗಪ್ಪನಿಗೆ ತಾನೇ ಮಜ್ಜಿಗೆ ಒಯ್ದು ಕೊಟ್ಟಳು, ಅದೂ ನೀರು ಬೆರೆಸದ ಗಟ್ಟಿ ಮಜ್ಜಿಗೆ. ಕಿವಿಯಲ್ಲಿ ಏನೋ ಹೇಳಿದಳು. ನಾನು ಹತ್ತಿರ ಹೋದರೆ ಇಬ್ಬರೂ ಬಾಯಿ ಮುಚ್ಚಿದರು. ಮರುದಿನ ಬೆಳಿಗ್ಗೆ ಗಂಗಪ್ಪನ ಚೀಲದಲ್ಲಿ ಹಸಿರು ಖಣವೊಂದು ಇಣುಕುತ್ತಿತ್ತು. ಕೆಂಪು ದಡಿಯ ಗುಳೇದಗುಡ್ಡದ ಖಣ, ಆಯಿಯ ಟ್ರಂಕಿನ ತಳದಲ್ಲಿ ನುಸಿಗುಳಿಗೆಯ ಜೊತೆ ಇರುತ್ತಿದ್ದದ್ದು. ಮುತ್ಯಾ ಕೊಡಿಸಿದ್ದೆಂದು ಅವಳು ಅದನ್ನು ಕುಪ್ಪಸ ಹೊಲಿಸಿಕೊಳ್ಳದೆ ಇಟ್ಟಿದ್ದಳು. ಮಧ್ಯಾಹ್ನ ನೋಡಿದರೆ ಚೀಲದಲ್ಲಿ ಖಣವಿಲ್ಲ. ಟ್ರಂಕಿನಲ್ಲೂ ಇಲ್ಲ.

ಸಂಜೆಯ ಹೊತ್ತಿಗೆ ಮೇಲ್ಕಟ್ಟು ಮುಗಿದಿತ್ತು. ಗಂಗಪ್ಪ ಅರಿವೆಗೆ ನೀರು ಚಿಮುಕಿಸಿ ಮೋಟಾರನ್ನು ಬಿಸಿಲಿಗೆ ನಿಲ್ಲಿಸಿದ್ದ. ಒಣಗಿದ ಅರಿವೆ ಬಾರಿಸುವ ಹಲಿಗೆಯ ಚರ್ಮದ ಹಾಗೆ ಬಿಗಿದು ನಿಂತಿತ್ತು. ಅಪ್ಪ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಗಂಗಪ್ಪ ಮಷಿನ್ ಕಟ್ಟುತ್ತಿದ್ದ. ಇನ್ನು ತಡೆಯಲಾಗಲಿಲ್ಲ.

“ಆಯೀ, ಈ ಗಂಗಪ್ಪ ಕಾಕಾ ನಿನ್ನ ಹಸರ ಖಣ ಕದ್ದಾನ! ನಾ ನೋಡೇನಿ!”

ಗಂಗಪ್ಪ ತಲೆ ತಗ್ಗಿಸಿದ. ಆಯಿಯ ಮುಖ ನೋಡಿದ.

“ಬಾಯಿ ಮುಚ್ಚು” ಅಂದಳು ಆಯಿ. “ನಾನ ಕೊಟ್ಟೇನಿ.”

ಅಪ್ಪ ತಂಬಿಗೆ ಕೆಳಗಿಟ್ಟ. ಅರಿವೆಯ ಚೂರನ್ನೂ ಬಿಡದ ತಾಯಿ ಶಿಂಪಿಗೆ ಖಣ ಕೊಟ್ಟಳೆಂದರೆ ಅವನಾದರೂ ಹೇಗೆ ನಂಬಬೇಕು? ಎಷ್ಟೆಂದರೂ ಅವಳ ಮಗ. ಆಯಿಯನ್ನು ನೋಡಿದ, ಗಂಗಪ್ಪನನ್ನು ನೋಡಿದ, ಆಮೇಲೆ ಮೋಟಾರನ್ನು. ಸೀದಾ ಹೋಗಿ ಬಾಗಿಲು ತೆರೆದು ಡ್ರೈವರ್ ಸೀಟಿನಲ್ಲಿ ಕೂತ. ಹೊಸ ಅರಿವೆಯ ಮೇಲೆ ಅಂಗೈ ಆಡಿಸುತ್ತ ಬಂದ. ಮುತ್ಯಾನ ರುಮಾಲಿನ ಕಲೆ ಇದ್ದ ಜಾಗದಲ್ಲಿ ಕೈ ನಿಂತಿತು.

“ಯವ್ವಾ, ಇಲ್ಲೇನೋ ಐತಿ.”

“ಐತಿ” ಅಂದಳು ಆಯಿ. “ಖಣ ಐತಿ. ಅದರ ಚುಂಗಿಗೆ ಅರಿಷಿಣ ಕೊಂಬು ಕಟ್ಟೇನಿ. ಮನಿ ಮಗಳು ಗಂಡನ ಮನಿಗಿ ಹೊಂಟ್ರ ಬರೇ ಉಡಿಲೆ ಕಳಸ್ತಾರೇನೋ?”

ಮಾರುವ ಮಾತನ್ನು ಆ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಆಡಿದವಳು ಅವಳೇ. ಅಪ್ಪ ಅದನ್ನು ಕಿತ್ತು ತೆಗೆಸುತ್ತಾನೋ ಎಂದು ನಾನು ಮೋಟಾರಿನ ಬಾಗಿಲಿಗೆ ಬಂದು ಇಣುಕಿದೆ. ಅವನು ಆ ಉಬ್ಬನ್ನು ಹೆಬ್ಬೆರಳಿನಿಂದ ಮೆಲ್ಲಗೆ ತೀಡಿ ಸಪಾಟು ಮಾಡಿದ, ಕೊಂಡವನ ಕೈಗೆ ಸಿಗದ ಹಾಗೆ.

ಎರಡು ದಿನದ ಮೇಲೆ ಅಪ್ಪನೇ ಮೋಟಾರನ್ನು ಮುದ್ದೇಬಿಹಾಳಕ್ಕೆ ಬಿಟ್ಟುಬಂದ. ಹೊರಡುವಾಗ ಆಯಿ ಅದರ ಹಣೆಗೆ ಕುಂಕುಮ ಹಚ್ಚಿದಳು. ಸಂಜೆ ಎಲೆಯಡಿಕೆ ಚೀಲ ಹಿಡಿದು ಶೆಡ್ಡಿನ ತನಕ ಹೋಗಿ, ಬಾಗಿಲಲ್ಲಿ ನಿಂತು, ತಿರುಗಿ ಬಂದಳು. ಬಸ್ಸಿನಲ್ಲಿ ಮರಳಿದ ಅಪ್ಪ ಅಂದು ಉಣ್ಣಲಿಲ್ಲ.

ಆಮೇಲೆ ಟ್ರ್ಯಾಕ್ಟರ್ ಬಂತು, ಆಯಿ ಹೋದಳು. ಬಾಗೇವಾಡಿಯಲ್ಲಾಗಲಿ ಇಂಡಿಯಲ್ಲಾಗಲಿ ಹಳೆಯ ಕಪ್ಪು ಮೋಟಾರೊಂದು ಮದುಮಗಳನ್ನು ಕೂಡಿಸಿಕೊಂಡು ಹೋಗುವುದು ಕಂಡರೆ, ಬಗ್ಗಿ ಅದರ ಮೇಲ್ಕಟ್ಟು ನೋಡುವ ಚಟ ನನಗೆ ಬಹಳ ವರ್ಷ ಇತ್ತು. ಈಗ ನಮ್ಮ ಮನೆಯಲ್ಲಿ ಗಾಡಿಗಳು ಬರುತ್ತವೆ, ಹೋಗುತ್ತವೆ. ಬಂದದ್ದು ಯಾವಾಗ, ಹೋದದ್ದು ಯಾವಾಗ ಎಂದು ಕೇಳುವವರಿಲ್ಲ, ಅನುಮಾನ ಪಡುವವರಂತೂ ಮೊದಲೇ ಇಲ್ಲ. ಮೊನ್ನೆ ನಮ್ಮ ಮನೆಯವರು ಹನ್ನೆರಡು ವರ್ಷ ಓಡಿಸಿದ ಕಾರನ್ನು ಕೊಟ್ಟುಬಿಟ್ಟರು. ಕೊಂಡವರು ಹೊರಗೆ ಕಾಯುತ್ತಿದ್ದಾಗ ನಾನು ಒಳಗೆ ಹೋಗಿ ಕಪಾಟಿನಿಂದ ಒಂದು ಖಣ ತೆಗೆದುಕೊಂಡು ಬಂದು ಸೀಟಿನಲ್ಲಿ ಕೂತೆ. ತಲೆಯ ಮೇಲಿನ ಮೇಲ್ಕಟ್ಟಿಗೆ ಕೈಯಾಡಿಸಿದೆ. ಅಚ್ಚಿನಲ್ಲಿ ಒತ್ತಿ ತೆಗೆದ ಗಟ್ಟಿ ಹಲಗೆ. ಎಲ್ಲಿಯೂ ಒಂದು ಹೊಲಿಗೆಯಿರಲಿಲ್ಲ.