ಹದಿನಾಲ್ಕು ಕಪಾಟಿನ ಸಿದ್ರಾಮ ಕಾಕಾ

ಸಿದ್ರಾಮ ಕಾಕಾ ಅವರಿಗೆ ಪುಸ್ತಕದ ಹೆಸರು ಹೇಳಿದರೆ ಅವರು ಯಾರದೋ ಮನೆಯ ಹೆಸರು ಹೇಳುತ್ತಿದ್ದರು. ನಾನು ಸಂವಿಧಾನದ ಪುಸ್ತಕ ಕೇಳಿದ ದಿನ ಪತ್ರಿಕೆಯಿಂದ ತಲೆ ಎತ್ತದೆ, "ಕೌಜಲಗಿ ಮಾಸ್ತರ ಮನ್ಯಾಂದು, ಕಿಡಕಿ ಬಾಜೂ" ಎಂದರು. ಅವರು ಗ್ರಂಥಪಾಲರಾಗಿದ್ದ ಗೋಕಾಕದ ನಮ್ಮ ಗ್ರಂಥಾಲಯದಲ್ಲಿ ಹದಿನಾಲ್ಕು ಕಪಾಟುಗಳಿದ್ದವು. ಪುಸ್ತಕಗಳನ್ನು ವಿಷಯ ನೋಡಿ ಜೋಡಿಸಿರಲಿಲ್ಲ. ಒಂದು ಮನೆಯಿಂದ ಬಂದವೆಲ್ಲ ಒಟ್ಟಿಗೆ. ಅಡುಗೆ ಪುಸ್ತಕದ ಪಕ್ಕ ಭೂಕಂದಾಯ ಕಾಯ್ದೆ, ಅದರ ಪಕ್ಕ ಪತ್ತೇದಾರಿ ಕಾದಂಬರಿ. ಮನೆಯ ಹೆಸರು ಮಾತ್ರ ಎಲ್ಲೂ ಬರೆದಿರಲಿಲ್ಲ.

ಈ ಗ್ರಂಥಾಲಯದ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚರ್ಚಾಸ್ಪರ್ಧೆ ಗೆದ್ದವಳು, ಬರೆದಾಳು ಎಂದು ಸಮಿತಿಯವರು ಅಂದುಕೊಂಡರು. ಊರವರೇ ಪುಸ್ತಕ ಕೊಟ್ಟು ಕಟ್ಟಿದ ಜಾಗ ಇದು. ಯಾರು ಕೊಟ್ಟರು ಎಂಬುದೇ ಇತಿಹಾಸ. ಅದಕ್ಕೆ ದಾಖಲೆ? ಕಾಕಾ.

"ಪುಸ್ತಕದ ಮ್ಯಾಲ ಹೆಸರು ಯಾಕ ಬರದಿಲ್ರಿ ಕಾಕಾ?"

"ಬರದ್ರ ನೂರು ಕೊಟ್ಟಾಂವ ಎದಿ ಉಬ್ಬಸ್ತಾನ, ಒಂದು ಕೊಟ್ಟಾಂವ ಬಾಗಲಾ ದಾಟಂಗಿಲ್ಲ. ಬರ್ಯಾಂಗಿಲ್ಲಂತ ಮಾತು ಕೊಟ್ಟು ತಂದೇವಿ."

"ಮತ್ತ ನಾ ಹೆಂಗ ನಂಬ್ಲಿ?"

"ನಂಬಬ್ಯಾಡ. ಎಲ್ಲಾ ನನ್ನ ತಲ್ಯಾಗ ಐತಿ. ಚಹಾ ಕುಡಿ."

ವಾದಕ್ಕೆ ಚಹಾ ಉತ್ತರವಲ್ಲ. ಆದರೆ ಅವರ ಹತ್ತಿರ ಇದ್ದದ್ದು ಅದೊಂದೇ. ಸೋಮವಾರ ಕೇಳಿದರೆ ಗುರುವಾರ ಬಾ ಎನ್ನುವರು. ಗುರುವಾರ ಹೋದರೆ ಕನ್ನಡಕ ಮನೆಯಲ್ಲಿ ಉಳಿದಿರುತ್ತಿತ್ತು.

ಸಿಟ್ಟಿಗೆ ನಾನು ಸಮಿತಿಯ ಮುಂದೆ ಕಪಾಟುಗಳ ವ್ಯವಸ್ಥೆಯನ್ನೇ ಪ್ರಶ್ನಿಸಿದೆ. ಪರೀಕ್ಷೆಗೆ ಓದಲು ಮೂಡಲಗಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಗೆ ಕೌಜಲಗಿ ಮಾಸ್ತರು ಯಾರೆಂದು ಹೇಗೆ ಗೊತ್ತಾಗಬೇಕು? ಯಾರೂ ಎದುರಾಡಲಿಲ್ಲ. ವಿಷಯವಾರು ನಂಬರು ಹಚ್ಚಬೇಕೆಂದು ಠರಾವಾಯಿತು. ಕಾಕಾ ವಾದಿಸುತ್ತಾರೆಂದು ಇನ್ನೂ ಮೂರು ಅಂಶ ತಯಾರು ಮಾಡಿಕೊಂಡಿದ್ದೆ; ಮೂರೂ ದಂಡ.

"ಗೆದ್ದಿ, ಆತು. ಏಣಿ ಹಿಡಿ," ಎಂದರು.

ಎಂಟು ದಿನ ಇಬ್ಬರೂ ಸೇರಿ ಕಪಾಟುಗಳನ್ನು ಖಾಲಿ ಮಾಡಿ ಮತ್ತೆ ತುಂಬಿದೆವು. ಅವರು ಒಂದು ನಂಬರೂ ತಪ್ಪಲಿಲ್ಲ. ಅದೂ ನನಗೆ ಸಿಟ್ಟು ತರಿಸಿತು. ಯಾವುದು ಯಾರ ಮನೆಯದೆಂದು ಬರೆದುಕೊಳ್ಳಬೇಕೆಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ತಲೆಯಲ್ಲಿತ್ತಲ್ಲ.

ಮರುವರ್ಷ ನಿವೃತ್ತರಾಗಿ ಘಟಪ್ರಭಾದ ಮಗಳ ಮನೆಗೆ ಹೋದರು. ನೋಟುಬುಕ್ಕು ಹಿಡಿದು ನಾನು ಅಲ್ಲಿಗೂ ಹೋದೆ.

"ಎಷ್ಟು ಕೊಟ್ರಂತ ಬರೀಬ್ಯಾಡ. ಹೆಸರಷ್ಟ ಬರಿ," ಎಂದು ಕಾಕಾ ಕಣ್ಣು ಮುಚ್ಚಿದರು. ಬಲಗೈ ಗಾಳಿಯಲ್ಲೇ ಕಪಾಟಿನ ಬಾಗಿಲು ತೆರೆಯಿತು. "ಒಳಗ ಬಂದಕೂಡ್ಲೇ ಎಡಕ್ಕ ಹುಕ್ಕೇರಿ ವಕೀಲರದು. ಅದರ ಕೆಳಗ ಕುರಿ ಕಾಯೋ ಲಗಮಣ್ಣಂದು, ಮಗಳ ಸಾಲಿ ಪುಸ್ತಕ. ಆಮ್ಯಾಲ ಮಾಸ್ತರದು…"

ಕೈ ನಿಂತಿತು. ಮತ್ತೆ ಬಾಗಿಲಿನಿಂದ ಶುರು ಮಾಡಿದರು. ಮತ್ತೆ ಅಲ್ಲೇ ನಿಂತರು.

"ಮುಂದ ಬರೇ ನಂಬರ ಕಾಣಾಕತ್ತಾವ, ತಂಗಿ."

"ತಲ್ಯಾಗ ಐತಿ ಅಂದಿದ್ರಲ್ರಿ."

"ಅಂದಿದ್ದೆ. ನಾನೂ ಹಂಗ ತಿಳಕೊಂಡಿದ್ದೆ."

ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಇತಿಹಾಸ ಅಚ್ಚಾಗಿದೆ. ಅದರಲ್ಲಿ ಮೂರು ಹೆಸರುಗಳಿವೆ. ಆಮೇಲೆ, 'ಊರಿನ ಅನೇಕ ಮಹನೀಯರು ಪುಸ್ತಕಗಳನ್ನು ನೀಡಿದರು' ಎಂದು ಬರೆದಿದ್ದೇನೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಯಾರಾದರೂ ಇಂಥ ವಾಕ್ಯ ಆಡಿದ್ದರೆ ಅರ್ಧ ನಿಮಿಷದಲ್ಲಿ ಕೆಡವುತ್ತಿದ್ದೆ.