ಹುಳದ ಜ್ವರ ಬಲ್ಲ ಓಬಳಮ್ಮ

ಸಾದಲಿಯ ಓಬಳಮ್ಮ ಮೂವತ್ತು ವರ್ಷ ರೇಷ್ಮೆಹುಳ ಸಾಕಿದವಳು. ಈ ಸಲ ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಸೋಯಾ ಅವರೆ ಹಾಕಿದ್ದಳು. ಗಿಡ ಮೊಣಕಾಲೆತ್ತರ ಬಂದಾಗ ಎಲೆ ತಿನ್ನುವ ಹುಳ ಬಿತ್ತು. ಅವಳ ಸೋಯಾದ ಆಚೆ, ತೋಟಕ್ಕೆ ದೂರವಾದ ಹೊಲದಲ್ಲಿ ತಾನೂ ಅದನ್ನೇ ಬೆಳೆದಿದ್ದ ಆವಲಪ್ಪ ಬೆನ್ನಿಗೆ ಔಷಧಿ ಕ್ಯಾನು ಏರಿಸಿಕೊಂಡೇ ಬಂದ.

"ಹೊಡೆದುಬಿಡ್ಲಾ ಅಕ್ಕ? ಒಂದೇ ದಿನಕ್ಕೆ ಸಾಯ್ತವೆ."

"ಗಾಳಿಗೆ ಹಾರಿ ತೋಟದ ಸೊಪ್ಪಿಗೆ ಬಿದ್ರೆ, ಮನೇಲಿರೋ ನನ್ನ ಹುಳಾನೂ ಸಾಯ್ತವೆ! ನಡಿಯಪ್ಪ ಆಚೆ!"

ಗದರಿದವಳೇ ಒಂದು ಎಲೆ ಮಗುಚಿದಳು. ಪುಟ್ಟ ಹುಳಗಳು ಒತ್ತೊತ್ತಾಗಿ ಮೇಯುತ್ತಿದ್ದವು. ಹುಳ ಪೊರೆ ಬಿಡುವುದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ಇವಕ್ಕಿನ್ನೂ ಮೊದಲ ಜ್ವರವೇ ಬಂದಿಲ್ಲ, ಚದುರುವುದಕ್ಕೆ ಮೂರು ದಿನವಾದರೂ ಇದೆ ಎಂದು ಅವಳಿಗೆ ನೋಡಿದೊಡನೆ ಗೊತ್ತಾಯಿತು. ಆ ಮೂರೂ ದಿನ ಸಾಲು ಬಿಡದೆ ನಡೆದು, ಹುಳ ಕೂತ ಎಲೆಗಳನ್ನಷ್ಟೇ ಕಿತ್ತು ಸೋಪಿನ ನೀರಿಗೆ ಅದ್ದಿದಳು.

"ಹುಳ ಸಾಕೋಳು ಹುಳ ಆರಿಸ್ತಾವ್ಳೆ," ಎಂದು ಆವಲಪ್ಪ ಊರೆಲ್ಲ ನಗಿಸಿದ.

ತಿಂಗಳಾಗುವಷ್ಟರಲ್ಲಿ ಓಬಳಮ್ಮನ ಗಿಡಗಳು ಕಾಯಿಯ ಭಾರಕ್ಕೆ ಬಾಗಿದ್ದವು, ಮನೆಯೊಳಗೆ ಹುಳಗಳೆಲ್ಲ ಗೂಡು ಕಟ್ಟಿದ್ದವು. ಎರಡು ಸಲ ಔಷಧಿ ಹೊಡೆದಿದ್ದ ಆವಲಪ್ಪನ ಹೊಲಕ್ಕೆ ಮತ್ತೆ ಮರಿಹುಳ ಬಿದ್ದಿತ್ತು. ಒಂದು ಎಲೆ ಹಿಡಿದು ಅವಳ ಬಾಗಿಲಿಗೆ ಬಂದ.

"ಅಕ್ಕ, ಇವಕ್ಕೆ ಎಷ್ಟನೇ ಜ್ವರ, ಸ್ವಲ್ಪ ನೋಡಮ್ಮ."

ಅವಳು ಎಲೆ ಮಗುಚಿ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇನ್ನೂ ಟೈಮೈತೆ. ಕ್ಯಾನು ಮನೇಲಿಟ್ಟು ಬಕೀಟು ತಗೊಂಡು ಬಾ."