ಪ್ಯಾರಿಸ್ಸಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ

ಮೊನ್ನೆ ಬೆಳಿಗ್ಗೆ ಗಿಡಕ್ಕೆ ನೀರು ಬಿಡುತ್ತಿದ್ದೆ. ಪಕ್ಕದ ಮನೆಯ ಸಿಂಧು ಕಾಂಪೌಂಡಿನ ಆಚೆಯಿಂದಲೇ ಮೊಬೈಲು ತೋರಿಸಿ, "ತಾತ, ಯೂರೋಪಿಗೆ ಒಳ್ಳೇ ಟಿಕೆಟ್ ಸಿಕ್ತು! ಮಧ್ಯೆ ಒಂದೇ ಕಡೆ ವಿಮಾನ ಬದಲಾಯಿಸೋದು. ಬರೀ ಐವತ್ತು ನಿಮಿಷ, ಕಾಯೋ ತಲೆನೋವೇ ಇಲ್ಲ," ಎಂದಳು.

"ಬೇಡ!" ಎಂದು ಕಿರುಚಿದೆ. ಪೈಪು ಕೈಜಾರಿ ಪಂಚೆಯೆಲ್ಲ ತೊಯ್ದುಹೋಯಿತು. ಅವಳ ತಾಯಿ ಸೌಟು ಹಿಡಿದುಕೊಂಡೇ ಹೊರಗೆ ಓಡಿಬಂದರು. ಎಂಬತ್ತೈದು ದಾಟಿದವನು ಹಾಗೆ ಕೂಗಿದರೆ ಜನ ಮೊದಲು ಎದೆನೋವು ಎಂದೇ ತಿಳಿಯುತ್ತಾರೆ. ಅವರು ತಿಳಿದದ್ದು ಪೂರಾ ತಪ್ಪೂ ಅಲ್ಲ.

ನಿಮಗೆ ನನ್ನ ಪೂರ್ವಾಶ್ರಮ ಗೊತ್ತಿಲ್ಲ. ಅರವತ್ತರ ದಶಕದ ಮೊದಲಲ್ಲಿ ನಾನು ಮೈಸೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ವಿದ್ಯಾರಣ್ಯಪುರದ ಬಾಡಿಗೆ ಮನೆಯಲ್ಲಿ ಅವ್ವ, ನಾನು, ಅಕ್ಕ ವನಜ. ರೈಲ್ವೆ ಟೈಮ್‌ಟೇಬಲ್ ಓದುವುದು ನನಗೊಂದು ಚಟ. ಇತರರು ಇಸ್ಪೀಟಾಡುವ ಹೊತ್ತಿನಲ್ಲಿ ನಾನು ಯಾವ ಗಾಡಿ ಎಲ್ಲಿ ಯಾವ ಗಾಡಿಗೆ ಸಿಗುತ್ತದೆ ಎಂದು ಬೆರಳಿಟ್ಟು ನೋಡುತ್ತಿದ್ದೆ. ಮದುವೆಗೆ ಹೊರಟವರು, ಕಾಶಿಗೆ ಹೊರಟವರು ನಮ್ಮ ಜಗಲಿಗೆ ಬಂದು ಕೇಳಿಕೊಂಡು ಹೋಗುವರು. ಅರಸೀಕೆರೆಯಲ್ಲಿ ಇಪ್ಪತ್ತೇ ನಿಮಿಷದಲ್ಲಿ ಒಂದು ದಿಬ್ಬಣವನ್ನೇ ಗಾಡಿ ಬದಲಾಯಿಸಿ ಹತ್ತಿಸಿದ ಕೀರ್ತಿ ನನ್ನದು. ಆ ಕೀರ್ತಿ ತಲೆಗೇರಿತ್ತು.

ಭಾವ ಕಾರ್ಖಾನೆಯ ಕಡೆಯಿಂದ ತರಬೇತಿಗೆಂದು ಲಂಡನ್ನಿಗೆ ಹೋಗಿದ್ದರು. ಮಾತು ಕಡಿಮೆ, ನಗು ಬಂದರೆ ಮಾತ್ರ ತಡೆಯಲಾರದ ಮನುಷ್ಯ. ಹೋದ ಐದನೆಯ ತಿಂಗಳಿಗೆ ಅಲ್ಲಿ ಕುಸಿದು ಬಿದ್ದರು. ಹೃದಯದ ಕವಾಟ ಕೆಟ್ಟಿದೆ, ಗುರುವಾರ ಬೆಳಿಗ್ಗೆ ಆಪರೇಷನ್, ಹೆಂಡತಿಯನ್ನು ಕಳಿಸಿಕೊಡಿ ಎಂದು ಅಲ್ಲಿಂದ ಸುದ್ದಿ ಬಂತು. ಕಾರ್ಖಾನೆಯವರು ಓಡಾಡಿ ಪಾಸ್‌ಪೋರ್ಟು ಮಾಡಿಸಿದರು. ಟಿಕೆಟ್ ಗೊತ್ತುಮಾಡಲು ಬೆಂಗಳೂರಿನ ಟ್ರಾವೆಲ್ ಆಫೀಸಿಗೆ ಹೋದವನು ನಾನು.

ಅಲ್ಲಿ ಒಬ್ಬರು ವಯಸ್ಸಾದ ಗುಮಾಸ್ತರಿದ್ದರು. ನಿಧಾನವಾಗಿ ಪುಟ ತಿರುವಿ, "ಮಂಗಳವಾರ ಮಧ್ಯಾಹ್ನ ಪ್ಯಾರಿಸ್ ಸೇರ್ತಾರೆ. ಅವತ್ತು ಅಲ್ಲೇ ತಂಗಲಿ. ಬುಧವಾರ ಬೆಳಗಿನ ವಿಮಾನ, ಮಧ್ಯಾಹ್ನದೊಳಗೆ ಲಂಡನ್," ಎಂದರು. ನಾನು ಅವರ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಮಂಗಳವಾರವೇ ಇನ್ನೊಂದು ವಿಮಾನವಿತ್ತು. ಇದು ಇಳಿದ ಒಂದು ಗಂಟೆ ನಲವತ್ತು ನಿಮಿಷಕ್ಕೆ ಅದು ಹೊರಡುತ್ತಿತ್ತು.

"ಇದರಲ್ಲಿ ಹೋದರೆ ಒಂದು ದಿನ ಮೊದಲೇ ಮುಟ್ತಾರಲ್ಲ?"

"ಅದು ಬೇಡಿ ಸ್ವಾಮಿ. ಪ್ಯಾರಿಸ್‌ನಲ್ಲಿ..."

"ಪ್ಯಾರಿಸ್ ವಿಷಯ ನನಗೆ ಹೇಳ್ಬೇಡಿ. ನಾನು ಭೂಗೋಳದ ಮೇಷ್ಟ್ರು."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮಿಷ್ಟ," ಎಂದು ಬರೆದುಕೊಟ್ಟರು.

ಮನೆಗೆ ಬಂದು, ಒಂದು ದಿನ ಮೊದಲೇ ಮುಟ್ಟುವ ವಿಮಾನ ಸಿಕ್ಕಿತು ಎಂದಷ್ಟೇ ಹೇಳಿದಾಗ ಅಕ್ಕನ ಮುಖ ನೋಡಬೇಕಿತ್ತು ನೀವು. "ಒಂದು ಪೂರ್ತಿ ದಿನ ಜಾಸ್ತಿ ಸಿಗುತ್ತೇನೋ?" ಎಂದು ಎರಡು ಸಲ ಕೇಳಿದಳು. ಅವ್ವ ಮಾತ್ರ, "ಗೊತ್ತಿಲ್ದ ಊರು. ಉಸಿರು ತಕ್ಕೊಂಡು ಓಗ್ಲಿ ಬುಡೋ, ಅವಸರ ಯಾಕೆ?" ಎಂದಳು. ಅವ್ವ ನಂಜನಗೂಡಿನಿಂದ ಆಚೆ ಕಂಡವಳಲ್ಲ ಎಂದು ನಾನು ಒಳಗೊಳಗೇ ನಕ್ಕೆ.

ಬೊಂಬಾಯಿಯವರೆಗೆ ಕಾರ್ಖಾನೆಯವರೊಬ್ಬರು ಜೊತೆಗೆ ಹೋಗಿ ಅಕ್ಕನನ್ನು ವಿಮಾನ ಹತ್ತಿಸಿ ಬಂದರು. ಬುಧವಾರ ನಾನು ತರಗತಿಯಲ್ಲಿ ಕಾವೇರಿಯ ಉಪನದಿಗಳ ಹೆಸರು ಹೇಳಿಸುತ್ತಿದ್ದೆ. ಅಂಚೆಯವನು ಬಾಗಿಲಲ್ಲಿ ನಿಂತ. ತಂತಿ ಲಂಡನ್ನಿನಿಂದ, ಭಾವನ ಗೆಳೆಯರದು. ವನಜ ವಿಮಾನದಲ್ಲಿ ಇರಲಿಲ್ಲ, ಎಲ್ಲಿದ್ದಾರೆ, ಕೂಡಲೇ ತಿಳಿಸಿ.

ಮೂರು ಸಲ ಓದಿದೆ. ಅಕ್ಷರಗಳು ಗೊತ್ತಾಗುತ್ತಿದ್ದವು, ಅರ್ಥ ಆಗುತ್ತಿರಲಿಲ್ಲ. ಹುಡುಗರು ಹೇಮಾವತಿ, ಶಿಂಷಾ, ಅರ್ಕಾವತಿ ಎಂದು ಕೂಗುತ್ತಲೇ ಇದ್ದರು. ಸೀಮೆಸುಣ್ಣ ಹಿಡಿದುಕೊಂಡೇ ಅಂಚೆ ಕಚೇರಿಗೆ ಓಡಿದೆ. ಬೆಂಗಳೂರಿಗೆ ಟ್ರಂಕ್ ಕಾಲ್ ಸಿಗಲು ಎರಡು ಗಂಟೆ ಹಿಡಿಯಿತು. ಆ ಕಡೆ ಅದೇ ಗುಮಾಸ್ತರು. ನಾನು ಒದರುತ್ತಿದ್ದೆ, ಅವರು ಮುಗಿಯುವವರೆಗೂ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಪ್ಯಾರಿಸ್‌ನಲ್ಲಿ ವಿಮಾನ ನಿಲ್ದಾಣ ಎರಡಿವೆ ಸ್ವಾಮಿ. ಇಳಿಯೋದು ಊರಿನ ದಕ್ಷಿಣಕ್ಕೆ. ಲಂಡನ್ನಿನ ವಿಮಾನ ಹೊರಡೋದು ಉತ್ತರದಲ್ಲಿ. ಮಧ್ಯೆ ಊರೆಲ್ಲ ದಾಟಬೇಕು. ಅದನ್ನೇ ಅವತ್ತು ಹೇಳಕ್ಕೆ ಹೊರಟಿದ್ದೆ."

ಅಲ್ಲೇ ಗೋಡೆಗೊರಗಿ ಕೂತುಬಿಟ್ಟೆ. ಒಂದು ಊರಿಗೆ ಎರಡು ನಿಲ್ದಾಣ! ಪ್ಯಾರಿಸ್ ಯಾವ ನದಿಯ ದಡದಲ್ಲಿದೆ ಎಂದು ನೂರಾರು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದವನಿಗೆ ಇದೊಂದು ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲು ಬಂದಾಗ ಬಾಯಿ ಮುಚ್ಚಿಸಿದ್ದೆ.

ಮನೆಯಲ್ಲಿ ಅವ್ವ ಕೇಳಿದಳು: "ಈಗ ಎಲ್ಲವ್ಳೋ ನನ್ನ ಮಗಳು?"

"ಗೊತ್ತಿಲ್ಲ ಕಣವ್ವ."

"ನೀನು ಮೇಷ್ಟ್ರಲ್ವೇನೋ?"

ಅವ್ವ ಅದನ್ನು ಚುಚ್ಚಲೆಂದು ಕೇಳಲಿಲ್ಲ. ಭೂಪಟ ನೇತುಹಾಕಿ ಪಾಠ ಮಾಡುವ ಮಗನಿಗೆ ಮಗಳು ಎಲ್ಲಿದ್ದಾಳೆಂದು ಗೊತ್ತಿರಲೇಬೇಕು ಎಂದೇ ಅವಳು ನಂಬಿದ್ದಳು.

ಶುಕ್ರವಾರ ಎರಡನೆಯ ತಂತಿ ಬಂತು. ವನಜ ಕ್ಷೇಮವಾಗಿ ತಲುಪಿದರು. ಆಪರೇಷನ್ ಫಲಿಸಲಿಲ್ಲ. ಭಾವ ಹೋದರು.

ನಡೆದದ್ದು ಅಕ್ಕನ ಪತ್ರದಿಂದ ತಿಳಿಯಿತು. ಟಿಕೆಟ್ ತೋರಿಸಿ, ಕೈಸನ್ನೆ ಮಾಡಿ ಉತ್ತರದ ನಿಲ್ದಾಣದ ಬಸ್ಸು ಹಿಡಿಯುವುದರಲ್ಲೇ ಅರ್ಧ ಹೊತ್ತು ಕಳೆದಿತ್ತು. ಬಸ್ಸು ತೆವಳುತ್ತ ಊರು ದಾಟಿತು. ಇವಳು ಮುಟ್ಟಿದಾಗ ವಿಮಾನ ಹೋಗಿ ಆಗಿತ್ತು. ಕ್ರಿಸ್‌ಮಸ್ ಹತ್ತಿರವಾದ್ದರಿಂದ ಬುಧವಾರದ ವಿಮಾನಗಳೆಲ್ಲ ಭರ್ತಿ. ಬೆಳಗಿನ ವಿಮಾನ ಗಾಜಿನಾಚೆ ಮೇಲೇಳುವುದನ್ನು ನೋಡುತ್ತಾ ನಿಂತಿದ್ದಳಂತೆ. ಗುಮಾಸ್ತರು ಅವಳಿಗೆಂದು ಹೇಳಿದ್ದ ವಿಮಾನವೇ ಅದು. ಅವಳಿಗೆ ಆ ಸಂಗತಿ ಗೊತ್ತಿರಲಿಲ್ಲ. ಕಸ ಗುಡಿಸುವ ಹೆಂಗಸೊಬ್ಬಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳಂತೆ. ಗುರುವಾರ ಮಧ್ಯಾಹ್ನ ಆಸ್ಪತ್ರೆ ಸೇರಿದಾಗ ಭಾವ ಇರಲಿಲ್ಲ. ಒಳಗೆ ಹೋಗುವ ಮೊದಲು "ವನಜ ಸಿಕ್ಕಿದಳಾ?" ಎಂದೇ ಕೇಳುತ್ತಿದ್ದರಂತೆ.

ಅಕ್ಕ ಹಡಗಿನಲ್ಲಿ ವಾಪಸು ಬಂದಳು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಲು ಸೇರಿದಳು. ಬಂದವರೆಲ್ಲ ವಿಮಾನದವರನ್ನು ಬೈದರು. ನಾನೂ ತಲೆಯಾಡಿಸಿದೆ. ಎರಡು ವರ್ಷ ತಲೆಯಾಡಿಸಿದೆ.

ಒಂದು ಭಾನುವಾರ ಮಧ್ಯಾಹ್ನ ಅಕ್ಕ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ನಾನೂ ಎದುರಿಗೆ ಕೂತು ನಾಲ್ಕು ಕಾಳು ಹಿಸುಕಿದೆ. ಆಮೇಲೆ ಎಲ್ಲ ಹೇಳಿಬಿಟ್ಟೆ. ಗುಮಾಸ್ತರ ಮಾತಿನಿಂದ ಹಿಡಿದು ಬುಧವಾರದ ವಿಮಾನದವರೆಗೆ, ಒಂದನ್ನೂ ಬಿಡದೆ.

ಅವಳ ಕೈ ನಿಂತಿತು. "ಇದನ್ನ ಯಾಕೋ ಹೇಳ್ದೆ?" ಎಂದಳು.

ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಆ ಬಸ್ಸಿನ ಡ್ರೈವರ್‌ನ ಶಾಪ ಹಾಕ್ಕೊಂಡು ಎಂಗೋ ಎರಡು ವರ್ಷ ಕಳ್ದುಬುಟ್ಟೆ ಕಣೋ. ಅವ್ನು ನಮ್ಮನೆಗೆ ಬರೋನಲ್ಲ. ನೀನು ದಿನಾ ತಟ್ಟೆ ಮುಂದೆ ಬಂದು ಕೂರ್ತೀಯ. ಈಗ ನಾನೇನು ಮಾಡ್ಲಿ?"

ಎದ್ದು ಒಳಗೆ ಹೋದಳು. ಅವತ್ತಿನಿಂದ ನನ್ನೊಡನೆ ಮಾತು ನಿಂತಿತು. ಹೊತ್ತಿಗೆ ಸರಿಯಾಗಿ ಬಡಿಸುವಳು, ಮುಖ ನೋಡುವುದಿಲ್ಲ. ನಾನು ಟೈಮ್‌ಟೇಬಲ್‌ಗಳನ್ನೆಲ್ಲ ಒಲೆಗೆ ಹಾಕಿದೆ. ಜಗಲಿಗೆ ಕೇಳಲು ಬಂದವರಿಗೆ ಸ್ಟೇಷನ್ನಿನಲ್ಲೇ ಕೇಳಿ ಎಂದು ಕೈಮುಗಿದೆ.

ಮೊನ್ನೆ ಪಂಚೆ ಬದಲಾಯಿಸಿಕೊಂಡು ಬಂದು, ಸಿಂಧುವನ್ನು ಕೂರಿಸಿಕೊಂಡು ಇದಿಷ್ಟನ್ನೂ ಹೇಳಿದೆ. ಅಕ್ಕ ತೀರಿಕೊಂಡು ಹನ್ನೆರಡು ವರ್ಷವಾಯಿತು. ಮನೆಯ ಹೊರಗಿನವರಿಗೆ ನಾನು ಇದನ್ನು ಹೇಳಿದ್ದು ಅದೇ ಮೊದಲು. ಆ ಹುಡುಗಿ ಮಧ್ಯೆ ಒಮ್ಮೆಯೂ ಮೊಬೈಲು ನೋಡಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು:

"ಆಮೇಲೆ ಅಕ್ಕ ನಿಮ್ಮ ಹತ್ರ ಮಾತಾಡಿದ್ರಾ ತಾತ?"

"ಹನ್ನೊಂದು ತಿಂಗಳಾದ ಮೇಲೆ ಕಣಮ್ಮ."

"ಏನಂದ್ರು?"

"'ಇನ್ನೊಂದು ಸ್ವಲ್ಪ ಸಾರು ಹಾಕ್ಲೇನೋ' ಅಂದ್ಲು."

ಹೇಳುವಾಗ ನಗಬೇಕು ಎಂದುಕೊಂಡಿದ್ದೆ. ನಗು ಬರಲಿಲ್ಲ. ಆ ಮಗು ಎದ್ದುಬಂದು ನನ್ನ ಪಕ್ಕದಲ್ಲಿ ಕೂತುಕೊಂಡಿತು.